ಆರದ ದೀಪ

ಸಂಜೆ ಹೊತ್ತಿಗೆ ಅತ್ತೆಗೆ ಕಣ್ಣು ಬಿಡಲಾಗದಷ್ಟು ಉರಿ ಶುರುವಾಯಿತು. ಮರಳು ತುಂಬಿದ ಹಾಗಿದೆ, ರೆಪ್ಪೆ ಎತ್ತಿದರೆ ಕೊಯ್ಯುತ್ತದೆ ಎಂದು ಸೋಫಾದ ಮೇಲೆ ಮುದುಡಿ ಕೂತರು. ಈರುಳ್ಳಿ ಹೆಚ್ಚಿದ ಕೈಯಲ್ಲೇ ಉಜ್ಜಿಕೊಂಡಿರಬೇಕು ಎಂದುಕೊಂಡ ಸೊಸೆ ಒದ್ದೆ ಬಟ್ಟೆ ತಂದು ಅವರ ಕಣ್ಣಿನ ಮೇಲಿಟ್ಟಳು. ಆಗಲೇ ಅವರ ಬಲಗೈಯನ್ನು ನೋಡಿದ್ದು. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಚರ್ಮ ಕೆಂಪಗೆ ಬೆಂದಂತಿತ್ತು.

“ಬೆಳಿಗ್ಗೆ ಗುಬ್ಬೀನ ದೀಪಕ್ಕೆ ಹಿಡಿದಿದ್ದೆ ಕಣಮ್ಮಾ,” ಅಂದರು ಅತ್ತೆ. “ಅದರ ಕಾವು ತಾಗಿತೋ ಏನೋ.”

“ಯಾವ ದೀಪಕ್ಕೆ?”

“ಅದೇ, ಗಾಳಿ ಯಂತ್ರದೊಳಗಿದೆಯಲ್ಲ, ನೀಲಿ ದೀಪ.”

ಸೊಸೆ ತಟ್ಟನೆ, ಮಲಗಿದ್ದ ಗುಬ್ಬಿಯ ಕಡೆ ತಿರುಗಿದಳು. ಗುಬ್ಬಿ ಅವಳ ಕೂಸು. ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯಲ್ಲಿ ಎರಡು ಸಲ ಉಸಿರುಗಟ್ಟಿ, ಅಂತೂ ಇಂತೂ ಬದುಕಿಕೊಂಡು ಮನೆಗೆ ಬಂದವಳು. ಎದೆ ಇನ್ನೂ ಎಳಸು, ಸೋಂಕು ತಗುಲದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದೇ ತಡ, ಸೊಸೆ ಗಂಡನ ಪ್ರಾಣ ತಿಂದು, ಮನೆಯನ್ನು ಬೆಚ್ಚಗೋ ತಣ್ಣಗೋ ಇಡುವ ಗಾಳಿ ಯಂತ್ರದೊಳಗೆ ಕ್ರಿಮಿ ಕೊಲ್ಲುವ ಯುವಿ ದೀಪ ಹಾಕಿಸಿದ್ದಳು. ಮೆಕ್ಯಾನಿಕ್ಕು ಅತ್ತೆ ಸೊಸೆ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದ: ಈ ಬೆಳಕು ಕ್ರಿಮಿಯನ್ನು ಕೊಂದ ಹಾಗೇ ಕಣ್ಣು, ಚರ್ಮವನ್ನೂ ಸುಡುತ್ತದೆ. ಆದರೆ ಭಯವಿಲ್ಲ, ಯಂತ್ರದ ಬಾಗಿಲು ತೆಗೆದ ಕೂಡಲೇ ದೀಪ ತಾನಾಗಿ ಆರುತ್ತದೆ. ಅದಕ್ಕೆಂದೇ ಚೌಕಟ್ಟಿನಲ್ಲಿ ಒಂದು ಪುಟ್ಟ ಸ್ವಿಚ್ಚಿದೆ.

ಆ ಸ್ವಿಚ್ಚೇ ಸೊಸೆಯ ನಿದ್ದೆ ಕೆಡಿಸಿತ್ತು. ಬಾಗಿಲು ತೆಗೆದರೆ ಆರುವ ದೀಪ, ಮುಚ್ಚಿದಾಗ ಉರಿಯುತ್ತದೆ ಅನ್ನುವುದನ್ನು ಕಂಡವರು ಯಾರು? ಒಳಗೆ ಅದು ಕೆಟ್ಟು ಕೂತಿದ್ದು, ಇತ್ತ ಗುಬ್ಬಿ ಕೊಳಕು ಗಾಳಿಯನ್ನೇ ಎಳೆದುಕೊಳ್ಳುತ್ತಿದ್ದರೆ? ಗಂಡನನ್ನು ಕೇಳಿದರೆ, ಮಾರಾಯ್ತಿ, ಫ್ರಿಜ್ಜಿನ ದೀಪಕ್ಕೂ ಹೀಗೇ ತಲೆ ಕೆಡಿಸಿಕೊಂಡಿದ್ದೀಯಾ ಎಂದು ನಕ್ಕುಬಿಟ್ಟ. ಕೊನೆಗೆ ಅವಳು ತಡೆಯಲಾರದೆ ಒಂದು ದಿನ ತಲೆಯ ಕ್ಲಿಪ್ಪು ತೆಗೆದು ಬಾಗಿಲು ತೆಗೆದರೂ ದೀಪ ಆರದಂತೆ ಸ್ವಿಚ್ಚು ಒತ್ತಿಕೊಂಡೇ ಇರುವ ಹಾಗೆ ಸಿಕ್ಕಿಸಿದಳು. ಅಂದಿನಿಂದ ದಿನಾ ಒಮ್ಮೆ ಬಾಗಿಲನ್ನು ಬೆರಳಗಲ ಓರೆ ಮಾಡಿ, ನೀಲಿ ಬೆಳಕು ಕಂಡೊಡನೆ ಸದ್ಯ ಎಂದು ಮುಚ್ಚಿಬಿಡುತ್ತಿದ್ದಳು. ಕಣ್ಣು ಚುರುಗುಟ್ಟಿದರೆ ಮಗುವಿನ ಜತೆ ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡಳು. ಕ್ಲಿಪ್ಪು ಅಲ್ಲೇ ಉಳಿಯಿತು. ಯಾರಿಗೂ ಹೇಳಲಿಲ್ಲ.

“ಮಗೂನ ಯಾಕೆ ಹಿಡಿದ್ರಿ ಅತ್ತೆ?” ಎಂದಳು ಸೊಸೆ.

ಅತ್ತೆ ಸಮಾಧಾನವಾಗಿಯೇ ಹೇಳಿದರು. ಆಸ್ಪತ್ರೆಯಲ್ಲಿ ಕಾಮಾಲೆಗೆ ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸಿದ್ದರಲ್ಲ, ಮೈಬಣ್ಣ ಎಷ್ಟು ಬೇಗ ತಿಳಿಯಾಯಿತು. ನಿನ್ನೆಯಿಂದ ಕೂಸಿನ ಕಣ್ಣು ಮತ್ತೆ ಹಳದಿಯಾದ ಹಾಗೆ ಕಂಡಿತು. ಮನೆಯಲ್ಲೇ ಅಂಥ ದೀಪ ಇರುವಾಗ ಮತ್ತೆ ಆಸ್ಪತ್ರೆಗೆ ಯಾಕೆ ಅಲೆಯಬೇಕು, ಅಂತ ಸೊಸೆ ಸ್ನಾನಕ್ಕೆ ಹೋದಾಗ ಒಂದಷ್ಟು ಹೊತ್ತು ಹಿಡಿದು ನಿಂತಿದ್ದರು.

“ಅವಳ ಕಣ್ಣಿಗೆ?”

“ಕೈ ಅಡ್ಡ ಇಟ್ಟಿದ್ದೆ. ಅಲ್ಲಿ ನರ್ಸು ಪಟ್ಟಿ ಕಟ್ತಿದ್ಲಲ್ಲ, ಹಾಗೆ. ನಡುವೆ ಒಂದ್ಸಲ ಸೀನು ಬಂತು. ಆಗ ಕೈ ತೆಗೆದೆನೋ ಏನೋ... ನೆನಪಾಗ್ತಿಲ್ಲ ಕಣಮ್ಮಾ.”

ಸೊಸೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿದಳು. ಬಾಗಿಲು ತೆಗೆದ ಮೇಲೆ ದೀಪ ಉರಿಯಲು ಸಾಧ್ಯವೇ ಇಲ್ಲ ಎಂದು ಅವನು ಮತ್ತೆ ಮತ್ತೆ ಹೇಳಿದ. ಅವಳು ಕ್ಲಿಪ್ಪಿನ ಮಾತು ಎತ್ತಲಿಲ್ಲ. ಅತ್ತೆಯ ಕಣ್ಣುರಿ, ಕೆಂಪಾದ ಕೈಯ ವಿಷಯ ಹೇಳಿದ ಮೇಲೆ ಅವನ ದನಿ ಬದಲಾಯಿತು. ಉರಿ ಆಗಿಂದಾಗಲೇ ಗೊತ್ತಾಗುವುದಿಲ್ಲ, ಗಂಟೆಗಟ್ಟಲೆ ಬಿಟ್ಟು ಏಳುತ್ತದೆ, ಮೊದಲು ಮಗುವನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದ. ಅವಳು ಓಡಿಹೋಗಿ ಯಂತ್ರದ ಮೇನ್ ಸ್ವಿಚ್ಚು ಆರಿಸಿ, ಕ್ಲಿಪ್ಪನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಟ್ಯಾಕ್ಸಿಯಲ್ಲಿ ಗುಬ್ಬಿ ಒಮ್ಮೆಯೂ ಕಣ್ಣು ಬಿಡಲಿಲ್ಲ. ನಿದ್ದೆಯೋ, ಉರಿಯೋ? ಕೆನ್ನೆ ತಟ್ಟಿ ಎಬ್ಬಿಸೋಣವೆಂದರೆ ಕೈಯೇ ಏಳದು. ಎದ್ದು ಕಣ್ಣು ಬಿಟ್ಟು, ಎದುರಿಗಿರುವ ಅಮ್ಮನನ್ನು ನೋಡದೆ ಹೋದರೆ? ಪಕ್ಕದಲ್ಲಿ ಕೂತ ಅತ್ತೆಯ ಮೇಲೆ ಕಿರುಚಿ ಒಂದಿಷ್ಟು ಹಗುರಾಗೋಣವೆಂದರೆ ಮುಷ್ಟಿಯೊಳಗಿನ ಕ್ಲಿಪ್ಪು ಚುಚ್ಚುತ್ತಿತ್ತು.

ಡಾಕ್ಟರು ಮಗುವಿನ ಕಣ್ಣಿಗೆ ಹನಿ ಹಾಕಿ, ರೆಪ್ಪೆ ಬಿಡಿಸಿ, ಪುಟ್ಟ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ಗುಬ್ಬಿ ಆಸ್ಪತ್ರೆ ಹಾರಿಹೋಗುವಂತೆ ಅತ್ತಳು. ಕಣ್ಣಿಗೇನೂ ಆಗಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಹೇಳಿದ್ದು ಸೊಸೆಯ ಕಿವಿಗೆ ಬೀಳಲೇ ಇಲ್ಲ. ಆಮೇಲೆ ಡಾಕ್ಟರು ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿದರು. ಹಣೆಯೂ ಕೆನ್ನೆಯೂ ಆಗಲೇ ಕೆಂಪೇರಿದ್ದವು. ಕಣ್ಣುಗಳ ಮೇಲೆ ಮಾತ್ರ ನಾಲ್ಕು ಬೆರಳುಗಳ ಬಿಳಿ ಗುರುತು.

“ಈ ಕೈ ಒಂಚೂರು ಜಾರಿದ್ರೆ ಕಷ್ಟ ಇತ್ತು,” ಎಂದು, ಚರ್ಮಕ್ಕೆ ಹಚ್ಚಲು ಮುಲಾಮು ಬರೆದುಕೊಟ್ಟರು.

ಹೊರಗೆ ಬೆಂಚಿನ ಮೇಲೆ ಅತ್ತೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದರು. ಕೆಲವು ದಿನಗಳಲ್ಲಿ ವಾಸಿಯಾಗುತ್ತದಂತೆ. ಮಗುವಿನ ಕಣ್ಣಿಗೇನೂ ಆಗಿಲ್ಲವೆಂದು ಕೇಳಿ, ತಡಕಾಡಿ ಸೊಸೆಯ ಕೈ ಹಿಡಿದುಕೊಂಡರು. ಬಿಗಿದ ಮುಷ್ಟಿ ಬಿಚ್ಚಲು ನೋಡಿದರು, ಅವಳು ಬಿಚ್ಚಗೊಡಲಿಲ್ಲ.

“ಬೈಬೇಡ ಕಣಮ್ಮಾ,” ಅಂದರು. “ನಾನೂ ಯೋಚನೆ ಮಾಡೇ ಹಿಡಿದಿದ್ದು. ಸುಡೋ ದೀಪ ಆಗಿದ್ರೆ ಬಾಗಿಲು ತೆಗೆದ ಕೂಡ್ಲೇ ಆರುತ್ತೆ ಅಂದಿದ್ನಲ್ಲ ಆ ಮೆಕ್ಯಾನಿಕ್ಕು? ಅದು ಆರಲೇ ಇಲ್ಲ. ಅದಕ್ಕೇ ನಂಬಿದೆ.”