ಮೂರನೆಯ ಎಲ್ಬೋ

"ಇದೂ ಸೋರ್ತದ್ರಿ," ಎಂದು ಕಾಶಪ್ಪ ಪೈಪಿನ ತಿರುವಿಗೆ ಹಾಕುವ ಮೂರನೆಯ ಎಲ್ಬೋವನ್ನೂ ತಾಂಡೂರಿನ ಪೈಪಿನಂಗಡಿಯ ಟೇಬಲ್ಲಿನ ಮೇಲೆ ಕುಕ್ಕಿದ. ಸೋರುತ್ತದೋ ಇಲ್ಲವೋ ನೋಡಲು ತುಂಡು ಪೈಪಿಗೆ ಅದನ್ನು ಸಿಕ್ಕಿಸಿ, ಒಂದು ಬಾಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದಕ್ಕೆ ತುಟಿ ಹಚ್ಚಿ ಊದಬೇಕು. ಜೋಡಣೆ ಗಟ್ಟಿಯಿದ್ದರೆ ಗಾಳಿ ತಡೆದು ಕೆನ್ನೆ ಉಬ್ಬುತ್ತದೆ. ಅವನ ಕೆನ್ನೆ ಒಮ್ಮೆಯೂ ಉಬ್ಬಿರಲಿಲ್ಲ.

"ಹೊಸಾ ಮಾಲು ಅದ ಕಾಕಾ," ಎಂದ ಅಂಗಡಿಯ ನರೇಶ.

"ಹೊಸದಿದ್ರೇನು? ನೀರಿನ್ಯಾಗ ಬೆಳೆಯೋ ಪಲ್ಯ, ಹನಿ ಸೋರಿದ್ರೂ ಬಾಡ್ತದ," ಎಂದು ಕಾಶಪ್ಪ ಗದರಿದ. ಮಗಳು ರಾಜೇಶ್ವರಿ ಮಾಳಿಗೆಯ ಮೇಲೆ ಮಣ್ಣಿಲ್ಲದೆ ಪೈಪುಗಳಲ್ಲೇ ಮೆಂತ್ಯ, ಪಾಲಕ್ ಬೆಳೆಸಲು ಹೊರಟಿದ್ದಳು. ಅಪ್ಪ ಇನ್ನು ಕಲ್ಲಿನ ಗಣಿಗೆ ಹೋಗದಿರಲಿ ಎಂಬುದೇ ಅವಳ ಆಸೆ. "ಇಪ್ಪತ್ತು ವರ್ಷ ಧೂಳು ತಿಂದೀನಿ, ನನಗೇನಾಗ್ಯಾದ?" ಎಂದು ಅವನು ದಿನಾ ವಾದಿಸುತ್ತಿದ್ದ. ಈಗ ಕೆಮ್ಮು ಒತ್ತರಿಸಿ ಬಂದು, ಹೊರಗಿನ ಬಂಡೆಯ ಮೇಲೆ ಹೋಗಿ ಕೂತ.

ಟೇಬಲ್ಲಿನ ಬಳಿಯೇ ನಿಂತಿದ್ದ ರಾಜೇಶ್ವರಿ ಅವನಿಗೆ ಬೆನ್ನು ಮಾಡಿ ಅದೇ ಎಲ್ಬೋ ಎತ್ತಿ ಊದಿದಳು. ಕೆನ್ನೆಗಳೆರಡೂ ಉಬ್ಬಿ ನಿಂತವು. ಕಿವಿಯಲ್ಲಿ ಗುಯ್ ಎಂದಿತು. ಉಳಿದೆರಡನ್ನೂ ಊದಿದಳು. ಎಲ್ಲಿಂದಲೂ ಉಸಿರು ಹೊರಬೀಳಲಿಲ್ಲ.

"ನಾ ಹೇಳಿದ್ದು ಖರೆ ಅದ ಇಲ್ಲವ್ವಾ?" ಹೊರಗಿನಿಂದ ಅಪ್ಪ ಏದುಸಿರಿನಲ್ಲೇ ಕೇಳಿದ.

ಅವಳು ತುಟಿ ಒರೆಸಿಕೊಂಡಳು. "ಖರೆ ಅದಪ್ಪಾ, ಮೂರೂ ಸೋರ್ತಾವ."

ಅವಳ ಕೆನ್ನೆ ಉಬ್ಬಿದ್ದನ್ನು ಕಣ್ಣಾರೆ ಕಂಡಿದ್ದ ನರೇಶ ಆ ಮೂರನ್ನೂ ಎತ್ತಿಕೊಂಡು, ಬೇರೆ ತರುವವನಂತೆ ಒಳಗೆ ಹೋದ.