ಬಾಳೆಹಣ್ಣಿನಷ್ಟು ಹೊಟ್ಟೆ

ಡಾಕ್ಟರು ಕೇಳುತ್ತಿದ್ದುದು ಕುಮುದಾಳನ್ನು. ಪ್ರತಿ ಸಲವೂ ಉತ್ತರ ಕೊಡುತ್ತಿದ್ದವರು ಅವಳ ಅತ್ತೆ.

"ದಿನಾ ಎಷ್ಟು ಊಟ ಮಾಡ್ತೀರಮ್ಮ?"

"ಎಲ್ಲರದೂ ಆದ್ಮೇಲೆ ಅಡುಗೆಮನೇಲಿ ಕೂತ್ಕೋತಾಳೆ ಸಾರ್. ಪಾತ್ರೆ ಖಾಲಿ ಆಗೋವರೆಗೂ ಏಳಲ್ಲ."

ಕುಮುದಾಳಿಗೆ ಮೈಯೆಲ್ಲ ಉರಿಯಿತು. ತೂಕ ನೋಡುವಾಗಲೂ ಅಷ್ಟೇ, ತೊಂಬತ್ತಾರು ಕಿಲೋ ಎಂದು ಅತ್ತೆ ಹೊರಗೆ ಕೂತವರಿಗೆಲ್ಲ ಕೇಳುವಂತೆ ಓದಿ ಹೇಳಿದ್ದರು. ಈಗ ಏನೋ ಹೇಳಲು ಬಾಯಿ ತೆರೆದರೆ, "ನೀನು ಸುಮ್ನಿರು, ಡಾಕ್ಟ್ರು ಮಾತಾಡ್ತಿದಾರೆ" ಎಂದು ಮೊಣಕೈಯಿಂದ ತಿವಿದರು.

ಡಾಕ್ಟರು ಹಾಳೆಯ ಮೇಲೆ ಜಠರದ ಚಿತ್ರ ಬರೆದರು. "ಹೊಟ್ಟೆ ಕೊಯ್ಯೋದಿಲ್ಲ. ಬಾಯಿಂದ ಕೊಳವೆ ಇಳಿಸಿ, ಜಠರವನ್ನ ಒಳಗಿಂದಲೇ ಹೊಲಿದು ಬಾಳೆಹಣ್ಣಿನಷ್ಟು ಕಿರಿದು ಮಾಡ್ತೀವಿ. ಆಮೇಲೆ ಒಂದು ಹೊತ್ತಿಗೆ ಒಂದು ಸಣ್ಣ ಬಟ್ಟಲು ಊಟ, ಅಷ್ಟೇ. ಹೆಚ್ಚಾದ್ರೆ ವಾಂತಿ ಆಗುತ್ತೆ."

"ಅಂದ್ರೆ ಇವಳ ಕೈಲಿ ಮೊದಲಿನ ಹಾಗೆ ತಿನ್ನೋಕೇ ಆಗಲ್ವಾ?"

"ಆಗಲ್ಲಮ್ಮ. ಅದಕ್ಕೇ ಅಲ್ವಾ ಮಾಡೋದು?"

ಅತ್ತೆಯ ಮುಖ ಸಪ್ಪಗಾಯಿತು.

"ಅಲ್ಲ ಸಾರ್, ಹಾಗಾದ್ರೆ ಮಕ್ಕಳು ತಟ್ಟೇಲಿ ಬಿಟ್ಟಿದ್ದು, ನಿನ್ನೆ ಮಿಕ್ಕಿದ ಅನ್ನ, ಹುಳಿ, ಇದನ್ನೆಲ್ಲ ಇನ್ಮೇಲೆ ಮನೇಲಿ ಯಾರು ತಿಂದು ಮುಗಿಸ್ತಾರೆ?"