ಕತೆ ಕೆಡುತ್ತದೆ

ಕಾಶವ್ವ ಬರೆದ ಕಂಪನಿ ನಾಟಕದ ಕೊನೆಯಲ್ಲಿ ಅವಳ ಗಂಡ ಚೂರಿಯೇಟು ತಿಂದು, ಹಾಡುತ್ತ ಸಾಯುತ್ತಿದ್ದ. ಜನ “ವನ್ಸ್ ಮೋರ್!” ಎಂದು ಕೂಗಿದರೆ ಸಾಕು, ಹೆಣವೇ ಎದ್ದು ಧೂಳು ಕೊಡವಿಕೊಂಡು, ಮತ್ತೆ ಹಾಡಿ, ಮತ್ತೆ ಸಾಯುತ್ತಿತ್ತು. ಕಾಶವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

“ಸತ್ತಾಂವ ಎದ್ದು ಹಾಡಿದ್ರ ನನ್ನ ಕಥಿ ಕೆಡ್ತದ್ರಿ.”

“ಕಥಿ ನಿಂದು, ಮಂದಿ ನನ್ನವರು. ಕರದ್ರ ಏಳದ ಹ್ಯಾಂಗ ಇರ್ಲಿ?”

“ನಾ ಅಂತೂ ಜನ್ಮದಾಗ ಹಂಗ ಕೂಗಂಗಿಲ್ಲ.”

ಇಂದು ಅವನನ್ನು ಮನೆಯಂಗಳದ ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಹಚ್ಚಿ ಕೂರಿಸಿದ್ದರು. ಕಂಪನಿಯ ನಟರೆಲ್ಲ ತಲೆ ತಗ್ಗಿಸಿ ನಿಂತಿದ್ದರು.

“ಎತ್ತೂಣ್ರಿ, ಹೊತ್ತಾತು,” ಎಂದರು ಓಣಿಯ ಹಿರಿಯರು.

ಕಾಶವ್ವ ದಡಬಡಿಸಿ ಎದ್ದು, ಓಣಿಗೆಲ್ಲ ಕೇಳುವಂತೆ ಕೂಗಿದಳು:

“ವನ್ಸ್ ಮೋರ್!”